ಸಿಎನ್‌ಸಿ ಟೇಬಲ್‌ಗೊಂದು ಕೆಂಪು ತೂಗುಗುಂಡು

ಗುಬ್ಬಿ ಕಡೆಯ ಅಡಿಕೆ ತೋಟದವರೊಬ್ಬರು ಸುಲಿಯೋ ಮಿಷನ್ನಿನ ಸವೆದುಹೋದ ಸೈಡ್ ಪ್ಲೇಟನ್ನು ತಂದು ನಮ್ಮ ಶೆಡ್ಡಿನ ಬೆಂಚಿನ ಮೇಲಿಟ್ಟರು. ಅದೇ ಅಳತೆಯದು ಇನ್ನೊಂದು ಬೇಕಿತ್ತು. ಜೊತೆಗೆ ಒಂದು ತುಂಡು ಪ್ಲೇಟನ್ನೂ ತಂದಿದ್ದರು. 6 ಮಿ.ಮೀ. ಎಂ.ಎಸ್. (ಸಾಧಾರಣ ಉಕ್ಕು), ಒಂದು ಮೂಲೆಯನ್ನು ಯಾರೋ ಆಗಲೇ ಕತ್ತರಿಸಿಕೊಂಡಿದ್ದರು. "ಹೊಸದ್ಯಾಕಣ್ಣಾ, ಇದ್ರಲ್ಲೇ ಎತ್ತಿಬಿಡಿ" ಅಂದರು. ಟೇಪು ಹಿಡಿದು ನೋಡಿದರೆ ಬರುತ್ತದೆ. ಆದರೆ ಸುತ್ತಲೂ ಉಳಿಯುವುದು ನಾಲ್ಕೇ ಮಿ.ಮೀ.

ನಮ್ಮದು ಸಿಎನ್‌ಸಿ ಟೇಬಲ್, ಅಂದರೆ ಕಂಪ್ಯೂಟರಿನ ಡ್ರಾಯಿಂಗಿನಂತೆ ತಾನೇ ಓಡಾಡಿ ಕತ್ತರಿಸುವ ಮಿಷನ್. ಕಂಪ್ಯೂಟರಿನಲ್ಲಿರುವ ಡ್ರಾಯಿಂಗಿಗೆ ತನ್ನ ಸೊನ್ನೆ, ಅಂದರೆ ಅಳತೆ ಶುರುವಾಗುವ ಬಿಂದು, ಎಲ್ಲಿದೆ ಅಂತ ಗೊತ್ತು. ಟೇಬಲ್ ಮೇಲೆ ಮಲಗಿರುವ ತುಂಡಿಗೆ ಅದು ಗೊತ್ತಿಲ್ಲ. ಇವೆರಡನ್ನೂ ಒಂದಕ್ಕೊಂದು ಗಂಟು ಹಾಕುವ ಕೆಲಸಕ್ಕೇ ನಾವು ಝೀರೋ ಹಾಕುವುದು ಅನ್ನುತ್ತೇವೆ. ನಾಲ್ಕಡಿ ಎಂಟಡಿಯ ಹೊಸ ಶೀಟಾದರೆ ಐದು ಮಿ.ಮೀ. ಅತ್ತಿತ್ತ ಆದರೂ ಕೇಳುವವರಿಲ್ಲ. ತುಂಡಾದರೆ ಹಾಗಲ್ಲ. ಪ್ಲಾಸ್ಮಾ ಟಾರ್ಚಿನ (ವಿದ್ಯುತ್ ಆರ್ಕಿನ ಬಿಸಿಯಿಂದ ಲೋಹ ಕತ್ತರಿಸುವ ಮೂತಿ) ತೂತು ಒಂದು ಮಿ.ಮೀ. ಆಸುಪಾಸಿನದು, ಅದೂ ಶೀಲ್ಡಿನ ಅಡಿಯಲ್ಲಿ ಅಡಗಿರುತ್ತದೆ. ಕತ್ತು ಓರೆ ಮಾಡಿ ಎಡಗಡೆಯಿಂದ ನೋಡಿದರೆ ಅದು ಪ್ಲೇಟಿನ ಅಂಚು ದಾಟಿ ಬಲಕ್ಕೆ ಹೋದಂತೆ ಕಾಣುತ್ತದೆ, ಬಲಗಡೆಯಿಂದ ನೋಡಿದರೆ ಎಡಕ್ಕೆ. ಟಾರ್ಚು ಪ್ಲೇಟಿನಿಂದ ಎಷ್ಟು ಮೇಲಿದೆಯೋ ಕಣ್ಣಿಗಾಗುವ ಮೋಸವೂ ಅಷ್ಟು ದೊಡ್ಡದು. ತಿರುಗುವ ಬಿಟ್ಟಿನಿಂದ ಮರ ಕೊರೆಯುವ ರೌಟರಾದರೂ ಕಥೆ ಅದೇ: ಬಿಟ್ಟಿನ ಮೊನೆ ಕಾಣಬೇಕಾದ ಜಾಗದಲ್ಲಿ ಅದನ್ನು ಹಿಡಿದಿಡುವ ಕಾಲೆಟ್ ನಟ್ಟು ಅಡ್ಡ ನಿಂತಿರುತ್ತದೆ.

ಟೂಲಿನ (ಟಾರ್ಚೋ ಬಿಟ್ಟೋ) ಪಕ್ಕಕ್ಕೆ ಒಂದು ಚಿಕ್ಕ ಲೇಸರ್ ಕಟ್ಟಿ, ಅದು ಬೀಳಿಸುವ ಕೂಡುಗೆರೆಯಿಂದ (ಅಧಿಕ ಚಿಹ್ನೆಯಂತೆ ಒಂದನ್ನೊಂದು ದಾಟುವ ಎರಡು ಗೆರೆ) ಮೂಲೆ ಹಿಡಿಯುವುದು ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ. ಖರ್ಚು ಕೆಲವು ನೂರು ರೂಪಾಯಿ. ಹೊಸದಾಗಿ ಹಾಕಿಸಿಕೊಂಡವರು ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ವಿಷಯವಿದೆ. ಲೇಸರ್ ಬಂತೆಂದು ಮಿಷನ್ ಹೆಚ್ಚು ನಿಖರವಾಗುವುದಿಲ್ಲ. ಗೋಡೆ ಕಟ್ಟುವ ಮೇಸ್ತ್ರಿಯ ಕೈಯಲ್ಲಿ ತೂಗುಗುಂಡು ಇದ್ದಂತೆ ಅದು: ಗೋಡೆಯನ್ನು ಅದು ಕಟ್ಟುವುದಿಲ್ಲ, ಎಲ್ಲಿ ಕಟ್ಟುತ್ತಿದ್ದೇವೆ ಅಂತ ತೋರಿಸುತ್ತದೆ. ತೂಗುಗುಂಡಿನ ದಾರ ಯಾವತ್ತೂ ನೆಟ್ಟಗೇ ಇಳಿಯುತ್ತದೆ. ನಾವು ಕಟ್ಟಿದ ಲೇಸರ್ ನೆಟ್ಟಗೆ ಇಳಿಯುತ್ತಿದೆಯೋ ಇಲ್ಲವೋ ನಾವೇ ನೋಡಿಕೊಳ್ಳಬೇಕು. ಅರ್ಧ ಕೆಲಸ ಅದೇ. ಉಳಿದರ್ಧ, ಲೇಸರಿಗೂ ಟೂಲಿಗೂ ನಡುವಿನ ದೂರವನ್ನು ಮಿಷನ್ನಿಗೆ ಸರಿಯಾಗಿ ಹೇಳುವುದು.

ಇದನ್ನು ಎರಡು ಥರದಲ್ಲಿ ಮಾಡಬಹುದು. ಒಂದೊಂದೇ ಗೆರೆ ಬೀಳಿಸುವ ಎರಡು ಲೇಸರುಗಳನ್ನು ಟೂಲಿನ ಬಲಕ್ಕೊಂದು, ಮುಂದಕ್ಕೊಂದು ಕಟ್ಟುವುದು ಮೊದಲನೆಯದು. ಗೆರೆ ಲೇಸರಿನ ಬೆಳಕು ಬೀಸಣಿಗೆಯ ಹಾಗೆ ಒಂದೇ ಹಾಳೆಯಲ್ಲಿ ಹರಡುತ್ತದೆ. ಆ ಹಾಳೆ ನೆಟ್ಟಗೆ ನಿಂತಿದ್ದು, ಟೂಲಿನ ನಟ್ಟನಡುವಿನ ಮೂಲಕ ಹಾದುಹೋದರೆ ಸಾಕು. ಅಂಥ ಎರಡು ನಿಂತ ಹಾಳೆಗಳು ಸೇರುವ ಜಾಗವೂ ಒಂದು ನಿಂತ ಗೆರೆಯೇ, ಅದು ಟೂಲಿನ ಅಕ್ಷವೇ. ಹಾಗಾಗಿ ಪ್ಲೇಟ್ ದಪ್ಪವಿರಲಿ ತೆಳುವಿರಲಿ, ಕೂಡುಗೆರೆ ಟೂಲ್ ಇಳಿಯುವ ಬಿಂದುವಿನ ಮೇಲೇ ಬೀಳುತ್ತದೆ. ಲೆಕ್ಕ ಏನೂ ಬೇಡ. ಡ್ರಿಲ್ ಪ್ರೆಸ್ಸುಗಳಿಗೆ ಮಾರುವ ಲೇಸರ್ ಗೈಡುಗಳು ಹೀಗೇ ಕೆಲಸ ಮಾಡುತ್ತವೆ. ಕೇಳಲು ಚಂದ. ಆದರೆ ಬೆಳಕು ಓರೆಯಾಗಿ ಬರಬೇಕು, ಟಾರ್ಚ್ ಅಥವಾ ಧೂಳಿನ ಬ್ರಷ್ಷು ಅಡ್ಡ ಬರಬಾರದು, ಎರಡೂ ಮಾಡ್ಯೂಲುಗಳು ಕಿಡಿ ಹಾರುವ ಜಾಗದ ಪಕ್ಕದಲ್ಲೇ ಬದುಕಬೇಕು. ನಮ್ಮ ಟೇಬಲ್ಲಿನಲ್ಲಿ ಹದಿನೈದು ದಿನ ಇಟ್ಟು ನೋಡಿ ತೆಗೆದುಹಾಕಿದೆ.

ಎರಡನೆಯದು ಸರಳ. ಕೂಡುಗೆರೆ ಬೀಳಿಸುವ ಒಂದೇ ಲೇಸರನ್ನು ಟೂಲಿನಿಂದ ಐದಾರು ಸೆಂ.ಮೀ. ದೂರದಲ್ಲಿ ಕೆಳಮುಖವಾಗಿ ಕಟ್ಟಿ, ಆ ದೂರವನ್ನು ಆಫ್‌ಸೆಟ್ ಅಂತ ಮಿಷನ್ನಿಗೆ ಹೇಳಿಬಿಡುವುದು. ಮುಂದೆ ಹೇಳುವುದೆಲ್ಲ ಇದರ ಬಗ್ಗೆಯೇ.

ಮಾಡ್ಯೂಲ್ ಕೊಳ್ಳುವಾಗ ಕೇಳಬೇಕಾದದ್ದು: 650 ನ್ಯಾನೋಮೀಟರ್ ಕೆಂಪು, 5 ಮಿಲಿವ್ಯಾಟ್, 5 ವೋಲ್ಟ್, 12 ಮಿ.ಮೀ. ಹಿತ್ತಾಳೆ ಕವಚ, ಫೋಕಸ್ ತಿರುಗಿಸಲು ಬರುವ ಕ್ರಾಸ್ ಲೆನ್ಸ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ, ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತುಮಕೂರಿಗೆ ವಾಪಸ್. ಹಸಿರು ಯಾಕೆ ಬೇಡ ಅಂತ ಕೇಳುವವರಿದ್ದಾರೆ. ನಮ್ಮ ಕಣ್ಣಿಗೆ ಅತಿ ಹೆಚ್ಚು ಹೊಳೆಯುವುದು 555 ನ್ಯಾನೋಮೀಟರಿನ ಹಳದಿಹಸಿರು. ಅದರ ಹತ್ತಿರವಿರುವ 532ರ ಹಸಿರು ಅದೇ ಪವರಿನ 650ರ ಕೆಂಪಿಗಿಂತ ಸುಮಾರು ಎಂಟು ಪಟ್ಟು ಪ್ರಕಾಶವಾಗಿ ಕಾಣುತ್ತದೆ, ನಿಜ. ಆದರೆ 532ರ ಹಸಿರು ನೇರವಾಗಿ ಹುಟ್ಟುವುದಿಲ್ಲ, 1064ರ ಕಾಣದ ಅವಕೆಂಪನ್ನು (ಇನ್ಫ್ರಾರೆಡ್) ಹರಳೊಂದರಲ್ಲಿ ಹಾಯಿಸಿ ಮಾಡಿದ್ದು. ಸೆಖೆ ಏರಿದರೆ ಮಂಕಾಗುತ್ತದೆ, ಅಗ್ಗದ ಮಾಡ್ಯೂಲುಗಳಲ್ಲಿ ಆ ಅವಕೆಂಪೂ ಸೋರಿ ಬರುತ್ತದೆ. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಬಡಿಯುವುದಿಲ್ಲ, ಅಪಾಯ ಅಲ್ಲೇ. ಶೆಡ್ಡಿನ ನೆರಳಿಗೆ ಕೆಂಪೇ ಸಾಕು.

ಕೆಂಪೂ ಆಟಿಕೆಯಲ್ಲ. 5 ಮಿಲಿವ್ಯಾಟಿನದು ಲೇಸರ್ ಸುರಕ್ಷತೆಯ ವಿಂಗಡಣೆಯಲ್ಲಿ 3ಆರ್ ವರ್ಗದ ಅಂಚಿಗೆ ಬರುತ್ತದೆ. ಗೆರೆಯಾಗಿ ಹರಡಿದಾಗ ಅದರ ತೀಕ್ಷ್ಣತೆ ಇಳಿಯುತ್ತದೆ, ಆದರೂ ಲೆನ್ಸಿನ ಮುಖಕ್ಕೆ ಕಣ್ಣಿಟ್ಟು ನೋಡುವುದು ಬೇಡ. ಕನ್ನಡಿಯಂಥ ಸ್ಟೇನ್‌ಲೆಸ್ ಶೀಟ್ ಹಾಸಿದ ದಿನ ಬೆಳಕು ಎಲ್ಲಿಗೆ ಪುಟಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಅಂಥ ಶೀಟಿನ ಮೇಲೆ ಗೆರೆ ಸರಿಯಾಗಿ ಕಾಣುವುದೂ ಇಲ್ಲ, ಯಾಕೆಂದರೆ ಬೆಳಕು ಚದುರದೆ ಪೂರಾ ಪುಟಿದು ಹೋಗುತ್ತದೆ. ಮೂಲೆಗೆ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿದರೆ ಎರಡೂ ತಾಪತ್ರಯಕ್ಕೆ ಪರಿಹಾರ.

ಹಿಡಿಕೆಗೆ ನಾನು ಬಳಸಿದ್ದು ವೈರಿಂಗ್ ಪೈಪಿನ ಒಂದು ತುಂಡು, ಎಂಟು ಸೆಂ.ಮೀ. ಉದ್ದದ್ದು. ಅದರ ಮೇಲ್ತುದಿಯಲ್ಲಿ ಮೂರು, ಕೆಳತುದಿಯಲ್ಲಿ ಮೂರು ಎಂ3 ಸ್ಕ್ರೂ, ಒಂದಕ್ಕೊಂದು 120 ಡಿಗ್ರಿಯಲ್ಲಿ. ಮಾಡ್ಯೂಲ್ ಈ ಆರು ಸ್ಕ್ರೂಗಳ ಮೊನೆಯ ನಡುವೆ ತೂಗಿಕೊಂಡಿರುತ್ತದೆ. ಗಿಡ್ಡ ಮಾಡ್ಯೂಲಾದರೆ ಎರಡೂ ಸಾಲಿನ ಸ್ಕ್ರೂ ಅದರ ಮೈಗೆ ಸಿಗುವುದಿಲ್ಲ, ಅದನ್ನು ಮೊದಲು ಒಂದು ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಬಿಗಿಯಾಗಿ ತುರುಕಿಕೊಳ್ಳಬೇಕು. ಒಂದು ಸ್ಕ್ರೂ ಸಡಿಲಿಸಿ ಎದುರಿನ ಎರಡನ್ನು ಬಿಗಿ ಮಾಡಿದರೆ ಲೇಸರ್ ಕೂದಲೆಳೆಯಷ್ಟು ವಾಲುತ್ತದೆ. ಅಲ್ಯೂಮಿನಿಯಂ ಹಿಡಿಕೆ ನೋಡಲು ಚಂದ, ಆದರೆ ಪ್ಲಾಸ್ಟಿಕ್ಕಿಗೆ ಒಂದು ಮುಖ್ಯ ಕಾರಣವಿದೆ. ಈ ಅಗ್ಗದ ಕೆಂಪು ಮಾಡ್ಯೂಲುಗಳಲ್ಲಿ ಹಲವಕ್ಕೆ ಹಿತ್ತಾಳೆ ಕವಚವೇ ಪ್ಲಸ್. ಅದನ್ನು ಅರ್ತ್ ಆಗಿರುವ ಗ್ಯಾಂಟ್ರಿಗೆ (ಟೂಲನ್ನು ಹೊತ್ತು ಓಡಾಡುವ ಅಡ್ಡ ಚೌಕಟ್ಟು) ಬರಿಮೈಯಲ್ಲಿ ಬಿಗಿದರೆ, ಸಪ್ಲೈನ ಮೈನಸ್ಸೂ ಅರ್ತಿಗೆ ಸೇರಿದ್ದಲ್ಲಿ, 5 ವೋಲ್ಟ್ ಸಪ್ಲೈ ಶಾರ್ಟ್. ನನಗೆ ಇದು ಗೊತ್ತಾದದ್ದು ಒಂದು ಸಪ್ಲೈ ಸುಟ್ಟ ಮೇಲೆ. ಮಲ್ಟಿಮೀಟರಿನಲ್ಲಿ ಕವಚಕ್ಕೂ ಕೆಂಪು ವೈರಿಗೂ ಬೀಪ್ ಬರುತ್ತದಾ ಅಂತ ನೋಡಲು ಅರ್ಧ ನಿಮಿಷವೂ ಬೇಡ.

ಇನ್ನು ನೆಟ್ಟಗೆ ನಿಲ್ಲಿಸುವ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಲೇಸರ್ ಒಂದೇ ಒಂದು ಡಿಗ್ರಿ ವಾಲಿದೆ ಅಂದುಕೊಳ್ಳಿ. ಪ್ಲೇಟಿನ ಎತ್ತರ 10 ಮಿ.ಮೀ. ಬದಲಾದರೆ ಕೂಡುಗೆರೆ 0.17 ಮಿ.ಮೀ. ಜರುಗುತ್ತದೆ. 50 ಮಿ.ಮೀ. ಬದಲಾದರೆ ಸುಮಾರು 0.9. ಅಂದರೆ 1.6 ಮಿ.ಮೀ. ತಗಡಿನ ಮೇಲೆ ಸರಿಯಾಗಿ ಅಳೆದ ಆಫ್‌ಸೆಟ್, 12 ಮಿ.ಮೀ. ಪ್ಲೇಟ್ ಇಟ್ಟ ಕೂಡಲೇ ಸುಳ್ಳಾಗುತ್ತದೆ. ಐದು ಡಿಗ್ರಿ ವಾಲಿದ್ದರೆ ಅದೇ ಪ್ಲೇಟಿಗೆ ಸುಮಾರು ಒಂದು ಮಿ.ಮೀ. ಮೋಸ. ಒಂದೆರಡು ಡಿಗ್ರಿ ವಾಲಿದ ಮಾಡ್ಯೂಲ್ ಬರಿಗಣ್ಣಿಗೆ ನೆಟ್ಟಗೇ ಕಾಣುತ್ತದೆ, ಅದೇ ಬೇಸರ. ಆಫ್‌ಸೆಟ್ ತಪ್ಪಿದ್ದರೆ ಪ್ರತಿ ಸಲವೂ ಒಂದೇ ಥರ ತಪ್ಪುತ್ತದೆ, ಬೇಗ ಸಿಕ್ಕಿಬೀಳುತ್ತದೆ. ವಾಲಿದ್ದರೆ ಕೆಲವು ಜಾಬಿಗೆ ಸರಿ, ಕೆಲವಕ್ಕೆ ತಪ್ಪು, ತಿಂಗಳುಗಟ್ಟಲೆ ಕಾಡುತ್ತದೆ.

ಪರೀಕ್ಷೆ ಸುಲಭ. ಲೇಸರ್ ಝಡ್ (ಟೂಲನ್ನು ಎತ್ತಿ ಇಳಿಸುವ ಅಕ್ಷ) ಜೊತೆ ಮೇಲೆಕೆಳಗೆ ಹೋಗುವ ಹಾಗೆ ಕಟ್ಟಿದ್ದರೆ, ಟೇಬಲ್ ಮೇಲಿನ ಒಂದು ಚುಕ್ಕಿಗೆ ಕೂಡುಗೆರೆ ಹಿಡಿದು ಝಡ್ ಅನ್ನು 50 ಮಿ.ಮೀ. ಎತ್ತಿ. ಚುಕ್ಕಿ ಬಿಟ್ಟು ಎತ್ತ ಸರಿಯಿತೋ ನೋಡಿ ಸ್ಕ್ರೂ ತಿರುಗಿಸಿ. ಮತ್ತೆ ಇಳಿಸಿ, ಮತ್ತೆ ಎತ್ತಿ. ನಾಲ್ಕೈದು ಸಲಕ್ಕೆ ಹತೋಟಿಗೆ ಬರುತ್ತದೆ. ಝಡ್ ಜೊತೆ ಹೋಗದ ಹಾಗೆ ಗ್ಯಾಂಟ್ರಿ ತಟ್ಟೆಗೆ ಕಟ್ಟಿದ್ದರೆ (ಪ್ಲಾಸ್ಮಾಕ್ಕೆ ನನಗೆ ಇದೇ ಇಷ್ಟ, ಕಿಡಿಯಿಂದ ದೂರ ಇರುತ್ತದೆ) ಬಡಗಿಯ ಮೂಲೆಮಟ್ಟ ತಂದು ಟೇಬಲ್ ಮೇಲೆ ನಿಲ್ಲಿಸಿ. ಗೆರೆ ಟೇಬಲ್ ಮೇಲೆ ಹರಿದು ಬಂದು ಮೂಲೆಮಟ್ಟದ ಅಲಗನ್ನು ಹತ್ತುತ್ತದಲ್ಲ, ಅಲ್ಲಿ ಅದು ಅಲಗಿನ ಅಂಚಿಗೆ ಸರಿಸಮನಾಗಿ ಹತ್ತಬೇಕು. ವಾಲಿಕೊಂಡು ಹತ್ತಿದರೆ ಬೆಳಕಿನ ಹಾಳೆ ವಾಲಿದೆ ಎಂದೇ ಅರ್ಥ. ಒಂದು ಗೆರೆ ಸರಿ ಮಾಡಿ, ಮೂಲೆಮಟ್ಟ ತಿರುಗಿಸಿ, ಇನ್ನೊಂದು ಗೆರೆ ಸರಿ ಮಾಡಿ.

ನಮ್ಮ ಹುಡುಗ ಇದಕ್ಕೆ ನಿಜವಾದ ತೂಗುಗುಂಡನ್ನೇ ತಂದು ನೇತುಹಾಕಿದ್ದ. ಬುದ್ಧಿವಂತಿಕೆಯೇ, ಆದರೆ ತೂಗುಗುಂಡು ನೆಟ್ಟಗಿರುವುದು ಭೂಮಿಗೆ. ನಮಗೆ ಬೇಕಾದದ್ದು ಟೇಬಲ್ಲಿಗೆ ನೆಟ್ಟಗೆ. ನಮ್ಮ ಟೇಬಲ್ಲೋ, ರಸಮಟ್ಟ ಇಟ್ಟರೆ ಗುಳ್ಳೆ ಒಂದು ಮೂಲೆಗೆ ಓಡುತ್ತದೆ. ಮಿಷನ್ನಿಗೆ ಅದರಿಂದ ಏನೂ ತೊಂದರೆಯಿಲ್ಲ, ತೂಗುಗುಂಡಿಗೆ ಇದೆ.

ಕೊನೆಗೆ, ಕೂಡುಗೆರೆಯ ಒಂದು ಕೈ ಎಕ್ಸ್ (ಎಡಬಲದ) ಚಲನೆಗೆ ಸರಿಯಾಗಿ ಕೂರುವಂತೆ ಮಾಡ್ಯೂಲನ್ನು ತನ್ನ ಸುತ್ತ ತಿರುಗಿಸಿ. ಎಕ್ಸ್ ಓಡಿಸಿದಾಗ ಚುಕ್ಕಿ ಗೆರೆಯ ಮೇಲೇ ಜಾರುತ್ತಿರಬೇಕು. ಅಗ್ಗದ ಲೆನ್ಸುಗಳಲ್ಲಿ ಎರಡು ಗೆರೆಗಳ ನಡುವೆ ಪೂರ್ತಿ 90 ಡಿಗ್ರಿ ಇರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ನಂಬಬೇಕಾದದ್ದು ಕೂಡುವ ಬಿಂದುವನ್ನು, ಕೈಗಳನ್ನಲ್ಲ.

ಈಗ ಆಫ್‌ಸೆಟ್. ಸ್ಕೇಲು ಹಿಡಿದು ಅಳೆಯಬೇಡಿ. ಮಿಷನ್ನೇ ಒಳ್ಳೆಯ ಸ್ಕೇಲು, ಅದರಿಂದಲೇ ಅಳೆಸಿ. ರೌಟರಿನಲ್ಲಾದರೆ ಒಂದು ಗುಜರಿ ಪ್ಲೈವುಡ್ ತುಂಡಿಗೆ ವಿ ಬಿಟ್ಟಿನಿಂದ ಸಣ್ಣ ಚುಕ್ಕಿ ಕುಟುಕಿಸಿ. ಪ್ಲಾಸ್ಮಾದಲ್ಲಿ ತೂತು ಹೊಡೆದರೆ ಅಂಚು ಕರಗಿ ನಡು ಎಲ್ಲಿ ಅಂತ ತಿಳಿಯುವುದಿಲ್ಲ. ಅದರ ಬದಲು ತೆಳು ತಗಡಿನಲ್ಲಿ 40 ಮಿ.ಮೀ. ಉದ್ದದ ಎರಡು ಸೀಳು ಅಧಿಕ ಚಿಹ್ನೆಯಂತೆ ಕತ್ತರಿಸಿ, ಅವು ಕೂಡುವ ಜಾಗವೇ ಚುಕ್ಕಿ. ಟೂಲ್ ಆ ಚುಕ್ಕಿಯ ಮೇಲಿರುವಾಗ ಎಕ್ಸ್ ಮತ್ತು ವೈ (ಹಿಂದುಮುಂದಿನದು) ಎರಡನ್ನೂ ಸೊನ್ನೆ ಮಾಡಿ. ನಂತರ ಲೇಸರ್ ಆನ್ ಮಾಡಿ, ಕೂಡುಗೆರೆ ಅದೇ ಚುಕ್ಕಿಯ ಮೇಲೆ ಬರುವತನಕ ಜಾಗ್ ಮಾಡಿ, ಅಂದರೆ ಬಟನ್ ಒತ್ತಿ ಸ್ವಲ್ಪಸ್ವಲ್ಪವೇ ಸರಿಸಿ. ಪರದೆಯ ಮೇಲೆ ಈಗ ಕಾಣುವ ಎರಡು ಸಂಖ್ಯೆಗಳೇ ನಿಮಗೆ ಬೇಕಾದವು. ನನ್ನ ಮೊದಲ ಸಲದಲ್ಲಿ ಬಂದದ್ದು ಎಕ್ಸ್ -62.40, ವೈ 8.15.

ಆರ್ಡುಯಿನೋ ಬೋರ್ಡಿನ ಮೇಲೆ ಮಿಷನ್ ನಡೆಸುವ ತಂತ್ರಾಂಶವಾದ ಜಿಆರ್‌ಬಿಎಲ್ ಓಡಿಸುವವರು ಇದನ್ನು ಒಂದು ಬಟನ್ನಿಗೆ ಕಟ್ಟಿಡಬಹುದು. ಯೂನಿವರ್ಸಲ್ ಜಿಕೋಡ್ ಸೆಂಡರಿನಂಥ ತಂತ್ರಾಂಶದಲ್ಲಿ ಮ್ಯಾಕ್ರೋ ಜಾಗಕ್ಕೆ ಈ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ: ಜಿ10 ಎಲ್20 ಪಿ1 ಎಕ್ಸ್-62.40 ವೈ8.15. "ಈಗ ನೀನು ನಿಂತಿರುವ ಜಾಗವನ್ನು ಇಂತಿಷ್ಟು ಅಂತ ತಿಳಿ" ಎನ್ನುವುದು ಇದರ ಅರ್ಥ. ಕೂಡುಗೆರೆ ಪ್ಲೇಟಿನ ಮೂಲೆಯ ಮೇಲಿರುವಾಗ ಈ ಬಟನ್ ಒತ್ತಿದರೆ, ಟೂಲ್ ತಾನು ಮೂಲೆಯಿಂದ -62.40, 8.15ರಲ್ಲಿ ಇದ್ದೇನೆ ಅಂದುಕೊಳ್ಳುತ್ತದೆ. ಅದು ನಿಜವೇ. ಆಗ ಸೊನ್ನೆ ತಾನಾಗಿ ಮೂಲೆಗೆ ಬಂದು ಕೂರುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲೂ (ಅಂಥದೇ ಇನ್ನೊಂದು ತಂತ್ರಾಂಶ) ಇದೇ ಸಾಲು ನಡೆಯುತ್ತದೆ.

ಚಿಹ್ನೆಯ ಗೊಂದಲ ಬರುವುದು ತಲೆಯಲ್ಲಿ ಲೆಕ್ಕ ಹಾಕಲು ಹೋದಾಗ. ಲೇಸರ್ ಬಲಗಡೆ ಇದೆ, ಬಲ ಅಂದರೆ ಪ್ಲಸ್, ಹಾಗಾಗಿ ಪ್ಲಸ್ 62.40 ಅಂತ ನಾನು ಒಮ್ಮೆ ಬೆರಳಚ್ಚು ಮಾಡಿದ್ದೆ. ಲೇಸರ್ ಟೂಲಿನ ಬಲಕ್ಕಿದ್ದರೆ ಟೂಲ್ ಲೇಸರಿನ ಎಡಕ್ಕಿರುತ್ತದೆ, ಸಾಲು ಕೇಳುತ್ತಿರುವುದು ಟೂಲಿನ ಜಾಗವನ್ನು. ತಪ್ಪು 62ರದ್ದಾಗಲಿಲ್ಲ, ಅದರ ಎರಡರಷ್ಟು, 124.80 ಮಿ.ಮೀ. ಒಳ್ಳೆಯ ಪ್ಲೇಟಿನ ನಟ್ಟನಡುವೆ ಟಾರ್ಚು ತೂತು ಹೊಡೆಯಿತು. ಅಂದಿನಿಂದ ನಿಯಮ ಒಂದೇ: ಪರದೆ ತೋರಿಸಿದ್ದನ್ನು ಚಿಹ್ನೆ ಸಮೇತ ಹಾಗೇ ಇಳಿಸು, ಬುದ್ಧಿ ಓಡಿಸಬೇಡ. ಮೊದಲ ಸಲ ಯಾವಾಗಲೂ ಟಾರ್ಚ್ ಹೊತ್ತಿಸದೆ ಸೊನ್ನೆಗೆ ಓಡಿಸಿ ನೋಡಿ.

ಲೇಸರನ್ನು ಬಲಕ್ಕೆ ಕಟ್ಟಿದ್ದರಲ್ಲಿ ಇನ್ನೊಂದು ಎಡವಟ್ಟಿತ್ತು. ನಮ್ಮಲ್ಲಿ ಪ್ಲೇಟಿನ ಸೊನ್ನೆ ಮೂಲೆ ಎಡಗಡೆ ಮುಂದೆ. ಟೂಲ್ ಟೇಬಲ್ಲಿನ ಎಡ ತುದಿಗೆ ಹೋಗಿ ನಿಂತರೂ ಲೇಸರ್ ಇನ್ನೂ 62 ಮಿ.ಮೀ. ಬಲಕ್ಕೇ ಇರುತ್ತದೆ. ಎಡಗಡೆಯ ಆ ಪಟ್ಟಿ ಲೇಸರಿಗೆ ಕಾಣದ ಜಾಗವಾಯಿತು, ನಾವು ಪ್ಲೇಟಿನ ಮೂಲೆ ಇಡುವುದು ಸರಿಯಾಗಿ ಅಲ್ಲೇ. ಬಿಚ್ಚಿ ಎಡಕ್ಕೆ ಕಟ್ಟಿದೆ. ನಿಮ್ಮ ಸೊನ್ನೆ ಯಾವ ಮೂಲೆಯೋ ಲೇಸರ್ ಟೂಲಿನ ಆ ಬದಿಗೇ ಇರಲಿ.

ವೈರಿಂಗ್ ಬಗ್ಗೆ ಹೆಚ್ಚೇನಿಲ್ಲ. ಜಿಆರ್‌ಬಿಎಲ್‌ನಲ್ಲಿ ಕೂಲೆಂಟಿಗೆಂದು (ಟೂಲ್ ತಣಿಸುವ ದ್ರವ) ಬಿಟ್ಟ ಎ3 ಪಿನ್ ಬಹುತೇಕ ಹವ್ಯಾಸಿ ಟೇಬಲ್ಲುಗಳಲ್ಲಿ ಖಾಲಿ ಇರುತ್ತದೆ. ಎಂ8 ಅಂದರೆ ಲೇಸರ್ ಆನ್, ಎಂ9 ಅಂದರೆ ಆಫ್. ಪಿನ್ನಿನಿಂದ ನೇರ ಕರೆಂಟ್ ಎಳೆಯಬೇಡಿ, ಒಂದು ಬಿಸಿ547 ಟ್ರಾನ್ಸಿಸ್ಟರು, ಅದರ ಬೇಸ್ ಕಾಲಿಗೆ ಒಂದು ಕಿಲೋಓಮ್ ರೆಸಿಸ್ಟರು ಸಾಕು. ಪ್ಲಾಸ್ಮಾದವರು ಲೇಸರಿನ ಎರಡು ವೈರನ್ನು ಹೆಣೆದುಕೊಂಡು, ಟಾರ್ಚಿನ ಕೇಬಲಿನಿಂದ ದೂರ ಒಯ್ಯಬೇಕು. ಆರ್ಕ್ ಹೊತ್ತುವಾಗಿನ ವಿದ್ಯುತ್ ಗದ್ದಲ ವೈರು ಹಿಡಿದು ಕಂಟ್ರೋಲರಿನ ಒಳಕ್ಕೆ ಹೊಕ್ಕರೆ ಮಿಷನ್ ನಡುದಾರಿಯಲ್ಲಿ ಮಂಕಾಗಿ ನಿಲ್ಲುತ್ತದೆ. ಲೆನ್ಸಿನ ಮುಂದೆ ಫೋಟೊ ಫ್ರೇಮಿನ ಗಾಜಿನ ಚೂರೊಂದನ್ನು ಸಮವಾಗಿ ಅಂಟಿಸಿ. ಹೊಗೆ ಕೂತಾಗ ಒರೆಸಲು ಅದು, ಲೆನ್ಸಲ್ಲ.

ಗೆರೆಯ ದಪ್ಪದ ಮಾತು ಬಂದದ್ದು ಬೇರೊಬ್ಬರಿಂದ. ನಮ್ಮೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದ ಹಿರಿಯರೊಬ್ಬರು ಒಮ್ಮೆ ಶೆಡ್ಡಿಗೆ ಬಂದಿದ್ದರು. ಕೂಡುಗೆರೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಇದೇನಪ್ಪಾ, ಗೆರೆಯೋ ರಂಗೋಲಿಯೋ?" ಅಂದರು. ಫೋಕಸ್ ಎಷ್ಟು ತಿರುಗಿಸಿದರೂ ಈ ಮಾಡ್ಯೂಲಿನ ಗೆರೆ ಅರ್ಧ ಮಿ.ಮೀ. ಕೆಳಗೆ ಇಳಿಯುವುದಿಲ್ಲ. ಅವರು ಹೇಳಿಕೊಟ್ಟದ್ದು ಎರಡು. ಗೆರೆಯ ಅಂಚನ್ನು ಹಿಡಿಯಬೇಡ, ಗೆರೆಯನ್ನು ಅರ್ಧ ಮಾಡು: ಅರ್ಧ ಬೆಳಕು ಪ್ಲೇಟಿನ ಮೇಲೆ, ಅರ್ಧ ಅಂಚಿನಾಚೆ ಕೆಳಕ್ಕೆ ಬಿದ್ದಾಗ ನಡು ಸರಿಯಾಗಿ ಅಂಚಿನ ಮೇಲಿರುತ್ತದೆ. ಕಣ್ಣು ಎರಡು ಅರ್ಧಗಳನ್ನು ಹೋಲಿಸುವುದರಲ್ಲಿ ಬಹಳ ಚುರುಕು. ಎರಡನೆಯದು, ಬಿಂದುವಿಗೆ ಯಾವತ್ತೂ ಒಂದೇ ದಿಕ್ಕಿನಿಂದ ಬಾ. ದಾಟಿಹೋದರೆ ಹಿಂದಕ್ಕೆ ಬಂದು ಹಿಡಿಯಬೇಡ, ಪೂರ್ತಿ ಹಿಂದೆ ಹೋಗಿ ಮತ್ತೆ ಬಾ. ಇಲ್ಲದಿದ್ದರೆ ರ‍್ಯಾಕು ಪಿನಿಯನ್ನಿನ (ಮಿಷನ್ ಓಡಿಸುವ ಹಲ್ಲುಪಟ್ಟಿ, ಹಲ್ಲುಚಕ್ರ) ಹಲ್ಲುಗಳ ನಡುವಿನ ಆಟ ಲೆಕ್ಕಕ್ಕೆ ಸೇರಿಬಿಡುತ್ತದೆ. ಇವೆರಡನ್ನು ಮಾಡತೊಡಗಿದ ಮೇಲೆ ನಾವು ಮೂಲೆ ಹಿಡಿಯುವುದು 0.2, 0.3 ಮಿ.ಮೀ. ಒಳಗೆ ಬರುತ್ತಿದೆ. ಪ್ಲಾಸ್ಮಾದ ಸೀಳೇ ಒಂದೂವರೆ ಮಿ.ಮೀ. ಅಗಲ, ಅದಕ್ಕೆ ಇದು ಧಾರಾಳ. ಮರದ ಹಲಗೆಯನ್ನು ಮಗುಚಿ ಎರಡೂ ಬದಿ ಕೆತ್ತುವವರಿಗೂ ಸಾಕು. ಬೇರಿಂಗ್ ಕೂರಿಸುವ ತೂತಿನ ನಡು ಹಿಡಿಯಬೇಕಾದವರು ಲೇಸರ್ ಮರೆತು ಡಯಲ್ ಇಂಡಿಕೇಟರ್ (ಮುಳ್ಳಿನ ಸೂಕ್ಷ್ಮ ಅಳತೆ ಸಾಧನ) ಹಿಡಿಯಲಿ.

ಅಂಚು ಓರೆ ಇದೆಯಾ ಅಂತ ನೋಡಲು ಮಾತ್ರ ಲೇಸರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಮೂಲೆಯಲ್ಲಿ ಸೊನ್ನೆ ಹಾಕಿ, ಎಕ್ಸ್ ದಿಕ್ಕಿನಲ್ಲಿ 600 ಮಿ.ಮೀ. ಓಡಿಸಿ, ಕೂಡುಗೆರೆ ಅಂಚು ಬಿಟ್ಟು ಎಷ್ಟು ದೂರ ಹೋಯಿತು ನೋಡಿ. ಗುಬ್ಬಿಯವರ ತುಂಡಿನಲ್ಲಿ ಅದು 3.1 ಮಿ.ಮೀ., ಅಂದರೆ ಸುಮಾರು 0.3 ಡಿಗ್ರಿ. ಕಣ್ಣಿಗೆ ಕಾಣದ ಓರೆ, ಆದರೆ ನಾಲ್ಕು ಮಿ.ಮೀ. ಉಳಿಕೆಯಲ್ಲಿ ಮುಕ್ಕಾಲು ಭಾಗವನ್ನು ಅದೇ ನುಂಗುತ್ತಿತ್ತು. ಲಿನಕ್ಸ್‌ಸಿಎನ್‌ಸಿಯಲ್ಲಿ ಜಿ10 ಎಲ್2ಗೆ ಆರ್ ಸೇರಿಸಿ, ಮ್ಯಾಕ್3 ತಂತ್ರಾಂಶದಲ್ಲಿ ಜಿ68 ಕೊಟ್ಟು ಡ್ರಾಯಿಂಗನ್ನೇ ಅಷ್ಟು ತಿರುಗಿಸಬಹುದು. ಜಿಆರ್‌ಬಿಎಲ್‌ಗೆ ಆ ವಿದ್ಯೆ ಬರುವುದಿಲ್ಲ. ನಾವು ಮರದ ಸುತ್ತಿಗೆಯಲ್ಲಿ ಪ್ಲೇಟಿನ ಹಿಂಬದಿಗೆ ಮೆಲ್ಲಗೆ ತಟ್ಟಿ, ಗೆರೆ ನೋಡಿ, ಮತ್ತೆ ತಟ್ಟಿದೆವು. ಮೂರು ನಿಮಿಷದ ಕೆಲಸ. ಸೈಡ್ ಪ್ಲೇಟ್ ಆ ತುಂಡಿನಲ್ಲೇ ಎದ್ದುಬಂತು, ಒಂದು ಕಡೆ ಉಳಿದದ್ದು ಬೆರಳಿನ ಉಗುರಿನಷ್ಟು ಪಟ್ಟಿ.

ಕತ್ತರಿಸುವಾಗ ಮೇಲೆದ್ದು ನಿಂತ ಚೂರಿಗೆ ಟಾರ್ಚು ಡಿಕ್ಕಿ ಹೊಡೆದಾಗಲೆಲ್ಲ ಆಫ್‌ಸೆಟ್ ಬದಲಾಗುತ್ತದೆ. ಅದಕ್ಕೇ ಅಧಿಕ ಚಿಹ್ನೆ ಕೊರೆದ ಆ ತಗಡಿನ ಚೂರನ್ನು ಟೇಬಲ್ಲಿನ ಮೂಲೆಗೆ ಸ್ಕ್ರೂ ಹಾಕಿ ಕೂರಿಸಿದ್ದೇವೆ, ಬೆಳಗ್ಗೆ ಹೋಮಿಂಗ್ (ಮಿಷನ್ ತನ್ನ ಮೂಲಜಾಗಕ್ಕೆ ಹೋಗಿ ನಿಲ್ಲುವುದು) ಆದ ಮೇಲೆ ಕೂಡುಗೆರೆ ಅದರ ಮೇಲೆ ಕೂರುತ್ತದಾ ಅಂತ ನೋಡಲು. ಆ ನೋಟ ಹಿಡಿಕೆ ಅಲುಗಿದೆಯಾ ಅಂತ ಮಾತ್ರ ಹೇಳುತ್ತದೆ. ಡಿಕ್ಕಿಯಲ್ಲಿ ಟಾರ್ಚೇ ಸರಿದಿದ್ದರೆ ಗೊತ್ತಾಗುವುದಿಲ್ಲ, ಆಗ ಹೊಸ ತಗಡಿನಲ್ಲಿ ಮತ್ತೆ ಎರಡು ಸೀಳು ಕತ್ತರಿಸಿ ಅಳೆಯಲೇಬೇಕು. ಹೊಸ ಸಂಖ್ಯೆ ಬಂದಾಗ ಹುಡುಗ ಅದನ್ನು ಶೆಡ್ಡಿನ ತಗಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ, ಹಳೆಯದರ ಮೇಲೆ ಒಂದು ಗೀಟು ಎಳೆದು. ಸದ್ಯಕ್ಕೆ ಏಳು ಗೀಟುಗಳಿವೆ, ಕೆಳಗೆ ಎಕ್ಸ್ 58.75, ವೈ 11.30.